ಸತ್ತ ಕುದುರೆಯ ಬಾಲಕ್ಕೂ ದುಡ್ಡು ಕೊಟ್ಟ ವಿಜಯನಗರ

ಕುದುರೆ ಹಡಗಿನಲ್ಲೇ ಸತ್ತುಹೋದರೂ ಚಿಂತೆಯಿಲ್ಲ, ಅದರ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಗೆ ಕೊಡುವಷ್ಟೇ ದುಡ್ಡು ಎಣಿಸಿ ಕೊಡುತ್ತಿದ್ದರಂತೆ. ವಿಜಯನಗರದ ಸಾಳುವ ನರಸಿಂಹನ ಕಾಲದ ಮಾತು ಇದು. ಬರೆದಿಟ್ಟವನು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ. ಅವನೇ ಹೇಳುವ ದರ ಮೂರು ಕುದುರೆಗೆ ಸಾವಿರ ಪರದಾವು. ನಮ್ಮ ಚಿನ್ನದ ವರಾಹವನ್ನೇ ಪೋರ್ಚುಗೀಸರು ಹಾಗೆ ಕರೆಯುತ್ತಿದ್ದರು.

ಓದಿದ ತಕ್ಷಣ ನಗು ಬರುತ್ತದೆ. ಸತ್ತ ಎಮ್ಮೆಗೆ ಸಂತೆಯಲ್ಲಿ ಯಾರಾದರೂ ಪೂರ್ತಿ ರೇಟು ಕೊಡುತ್ತಾರೆಯೇ? ಆದರೆ ನರಸಿಂಹ ಪೆದ್ದನಲ್ಲ. ಅರಬ್ ಮತ್ತು ಪರ್ಷಿಯಾ ಕಡೆಯಿಂದ ಕುದುರೆ ತುಂಬಿಕೊಂಡು ಬರುವುದು ದೊಡ್ಡ ಜೂಜು. ದಾರಿಯಲ್ಲಿ ಎಷ್ಟು ಸಾಯುತ್ತವೋ ಗೊತ್ತಿಲ್ಲ. ಆ ನಷ್ಟವನ್ನು ವ್ಯಾಪಾರಿಯ ತಲೆಗೇ ಕಟ್ಟಿದರೆ ಅವನು ಮುಂದಿನ ಸಲ ಬಹಮನಿ ಸುಲ್ತಾನರ ಕಡೆಗೆ ಹಡಗು ತಿರುಗಿಸುತ್ತಾನೆ. ಯುದ್ಧ ನಿಂತಿದ್ದೇ ಕುದುರೆಯ ಮೇಲೆ. ನಮ್ಮ ಹವೆಯಲ್ಲಿ ಆ ತಳಿ ಸರಿಯಾಗಿ ಬಾಳುತ್ತಿರಲಿಲ್ಲ, ಹಾಗಾಗಿ ವರ್ಷ ವರ್ಷವೂ ಹೊಸದು ಬೇಕು. ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಗೋಡೆ ನೋಡಿ ಬನ್ನಿ. ಬೇರೆ ದೇಶದ ವೇಷದ ಜನ ಕುದುರೆ ಹಿಡಿದು ಸಾಲಾಗಿ ನಡೆದಿದ್ದಾರೆ.

ದೊಡ್ಡ ದೇಶದ ಜೊತೆ ವ್ಯಾಪಾರ ಮಾಡುವಾಗ ಎಷ್ಟು ಬಿಗಿಯಾಗಿರಬೇಕು, ಎಷ್ಟು ಬಾಗಬೇಕು ಎಂದು ಈಗ ಟಿವಿಯಲ್ಲಿ ದಿನವೂ ಕೂಗಾಟ ನಡೆಯುತ್ತದೆ. ನಮ್ಮ ನೆಲದಲ್ಲಿ ಐದುನೂರು ವರ್ಷದ ಹಿಂದೆಯೇ ಈ ಲೆಕ್ಕ ನಡೆದಿತ್ತು. ಅದನ್ನು ಒಮ್ಮೆ ತೆಗೆದು ನೋಡೋಣ ಎನಿಸಿತು.

ಮೊದಲು ವಿಜಯನಗರಕ್ಕೆ ಕುದುರೆ ಮಾರುವವರು ಹಲವರಿದ್ದರು. ಭಟ್ಕಳ, ಹೊನ್ನಾವರದ ಬಂದರುಗಳಿಗೆ ಅರಬರ ಹಡಗು ಬರುತ್ತಿತ್ತು, ಸ್ಥಳೀಯ ಮುಸ್ಲಿಂ ವರ್ತಕರು ಕೊಡಿಸುತ್ತಿದ್ದರು. ಇಲ್ಲೊಂದು ಕೆಟ್ಟ ಘಟನೆ ನಡೆಯಿತು. ಭಟ್ಕಳದ ವರ್ತಕರು ಬಹಮನಿಗಳಿಗೂ ಕುದುರೆ ಮಾರುತ್ತಾರೆ ಎಂಬ ಸಿಟ್ಟಿಗೆ 1479ರ ಹೊತ್ತಿಗೆ ವಿಜಯನಗರದ ಕಡೆಯವರು ಅವರನ್ನು ಕೊಲ್ಲಿಸಿದರು, ಉಳಿದವರು ಗೋವೆಗೆ ಓಡಿದರು ಎಂದು ಪೋರ್ಚುಗೀಸ್ ಬರಹಗಳು ಹೇಳುತ್ತವೆ. ಗೋವೆ ಆಗ ಬಹಮನಿಗಳದ್ದು. ಕೈಗೆ ಸಿಕ್ಕ ಸಣ್ಣ ವರ್ತಕನ ಮೇಲೆ ಖಡ್ಗ ಎತ್ತಿದ್ದರಿಂದ ಕುದುರೆ ವ್ಯಾಪಾರವೇ ಎದುರಾಳಿಯ ಬಂದರಿಗೆ ಹೋಯಿತು. ಕ್ರೌರ್ಯವೂ ಹೌದು, ದಡ್ಡತನವೂ ಹೌದು.

ಆಮೇಲೆ ಬಂದವರು ಪೋರ್ಚುಗೀಸರು. 1510ರಲ್ಲಿ ಅಲ್ಬುಕರ್ಕ್ ಗೋವೆ ಹಿಡಿದ. ಅದಕ್ಕೆ ಕುಮ್ಮಕ್ಕು ಕೊಟ್ಟವನು ಹೊನ್ನಾವರದ ತಿಮ್ಮಯ್ಯ. 1515ರಲ್ಲಿ ಕುದುರೆಯ ಮೂಲ ಬಾಗಿಲಾದ ಹೋರ್ಮುಜ್ ಕೂಡ ಪೋರ್ಚುಗೀಸರ ಮುಷ್ಟಿಗೆ ಬಂತು. ಅವರ ಪಾಸ್ ಇಲ್ಲದ ಹಡಗು ಸಮುದ್ರದಲ್ಲಿ ಕಂಡರೆ ಹಿಡಿದುಹಾಕುತ್ತಿದ್ದರು. ಅಲ್ಲಿಗೆ ಹತ್ತು ಅಂಗಡಿಯಿದ್ದ ಸಂತೆಯಲ್ಲಿ ಒಂದೇ ಅಂಗಡಿ ಉಳಿದಂತಾಯಿತು. ಊರಲ್ಲಿ ಒಬ್ಬನೇ ಗೊಬ್ಬರದಂಗಡಿಯವನಿದ್ದರೆ ಏನಾಗುತ್ತದೆ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಬುಕರ್ಕ್ ಚಾಲಾಕಿ. ಕುದುರೆಯನ್ನು ನಿಮಗೇ ಕೊಡುತ್ತೇವೆ ಎಂದು ಕೃಷ್ಣದೇವರಾಯನಿಗೆ ಆಸೆ ತೋರಿಸಿದ, ಬಿಜಾಪುರದ ಆದಿಲಶಾಹಿಗೂ ಬಾಗಿಲು ಮುಚ್ಚಲಿಲ್ಲ. ಇಬ್ಬರ ರಾಯಭಾರಿಗಳೂ ಗೋವೆಯಲ್ಲಿ ಕಾದು ಕೂರುವಂತಾಯಿತು. 1514ರಲ್ಲಿ ಸಾವಿರ ಕುದುರೆಯನ್ನು ತನಗೊಬ್ಬನಿಗೇ ಮಾರುವ ಹಕ್ಕಿಗಾಗಿ ರಾಯ ದೊಡ್ಡ ಮೊತ್ತ ಮುಂದಿಟ್ಟ. ಅಲ್ಬುಕರ್ಕ್ ಒಪ್ಪಲಿಲ್ಲ. ಇಬ್ಬರು ಗಿರಾಕಿಗಳು ಜಗಳದಲ್ಲಿರುವಾಗ ಒಬ್ಬನಿಗೇ ಮಾತು ಕೊಡುವ ವ್ಯಾಪಾರಿ ಎಲ್ಲಿದ್ದಾನೆ?

ರಾಯನಿಗೆ ಈ ಆಟ ತಿಳಿಯದ್ದೇನಲ್ಲ. ತನ್ನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದಲ್ಲಿ ಅವನೇ ರಾಜನೀತಿ ಹೇಳುತ್ತಾನೆ. ದೂರದ ದೇಶದಿಂದ ಆನೆ, ಕುದುರೆ ತರುವ ವರ್ತಕರಿಗೆ ಊರು, ಮನೆ ಕೊಟ್ಟು, ಮರ್ಯಾದೆ ಮಾಡಿ, ನ್ಯಾಯವಾದ ಲಾಭ ಬಿಟ್ಟು ನಿನ್ನವರನ್ನಾಗಿ ಮಾಡಿಕೋ, ಇಲ್ಲದಿದ್ದರೆ ಮಾಲು ಶತ್ರುವಿನ ಪಾಲಾಗುತ್ತದೆ ಎಂಬುದು ಅದರ ಸಾರ. ಒಳ್ಳೆಯ ಮಾತೇ. ಆದರೆ ಅದು ಹತ್ತು ವರ್ತಕರಿರುವ ಸಂತೆಗೆ ಹೊಂದುವ ನೀತಿ. ಸಮುದ್ರವೇ ತನ್ನದೆನ್ನುವ ಒಬ್ಬ ವ್ಯಾಪಾರಿಯನ್ನು ಮನೆ, ಮರ್ಯಾದೆ ಕೊಟ್ಟು ಕಟ್ಟಿಹಾಕಲು ಆಗುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1547ರಲ್ಲಿ, ಸದಾಶಿವರಾಯನ ಹೆಸರಿನಲ್ಲಿ ಗೋವೆಯ ಗವರ್ನರ್ ಜೊತೆ ಆದ ಒಪ್ಪಂದದಲ್ಲಿ. ಆಗ ಆಡಳಿತ ಅಳಿಯ ರಾಮರಾಯನ ಕೈಯಲ್ಲಿತ್ತು. ಗೋವೆಗೆ ಬಂದ ಕುದುರೆಯೆಲ್ಲ ವಿಜಯನಗರಕ್ಕೇ, ಬಿಜಾಪುರಕ್ಕೆ ಒಂದೂ ಇಲ್ಲ ಎಂಬ ಶರತ್ತು ನೋಡಿ ಹಂಪಿಯಲ್ಲಿ ಖುಷಿಪಟ್ಟಿರಬೇಕು. ಉಳಿದ ಶರತ್ತು ಓದಿದರೆ ನಮಗಂತೂ ಹೊಟ್ಟೆ ಉರಿಯುತ್ತದೆ. ರಾಜ್ಯದ ಕಬ್ಬಿಣ, ಪೆಟ್ಲುಪ್ಪು ಪೋರ್ಚುಗೀಸರಿಗೇ ಮಾರಬೇಕು. ಬಟ್ಟೆ ಅಂಕೋಲಾ, ಹೊನ್ನಾವರಕ್ಕೇ ಇಳಿಯಬೇಕು, ಅಲ್ಲಿ ಅವರೇ ಕೊಳ್ಳುತ್ತಾರೆ. ಮುಸಲ್ಮಾನರ ಹಡಗು ಬಂದರಿಗೆ ಬಂದರೆ ಸೇರಿಸಬಾರದು, ಬಂದದ್ದನ್ನು ಹಿಡಿದು ಗೋವೆಗೆ ಒಪ್ಪಿಸಬೇಕು.

ಅಂದರೆ ಉಳಿದಿದ್ದ ಕೊನೆಯ ಬೇರೆ ಅಂಗಡಿಗೆ ವಿಜಯನಗರ ತಾನೇ ಬೀಗ ಹಾಕಿ ಕೀಲಿಕೈಯನ್ನು ಗೋವೆಗೆ ಕೊಟ್ಟಿತು. ಮುಂದಿನ ವರ್ಷ, 1548ರಲ್ಲಿ, ಪೋರ್ಚುಗೀಸರು ಬಿಜಾಪುರದ ಜೊತೆಗೂ ಒಪ್ಪಂದ ಮಾಡಿಕೊಂಡರು.

ಹಂಪಿಗೆ ನೌಕಾಬಲ ಇರಲಿಲ್ಲ, ಬೇರೆ ದಾರಿ ಎಲ್ಲಿತ್ತು ಎಂದು ಕೇಳಬಹುದು. ಹಡಗು ಇರಲಿಲ್ಲ ನಿಜ, ಆದರೆ ಅಕ್ಕಿ ಇತ್ತು. ಗೋವೆಯ ಹೊಟ್ಟೆ ತುಂಬುತ್ತಿದ್ದದ್ದು ಬಸ್ರೂರು, ಮಂಗಳೂರು, ಹೊನ್ನಾವರದಿಂದ ಹೋಗುತ್ತಿದ್ದ ಕರಾವಳಿಯ ಅಕ್ಕಿಯಿಂದ. ಮೆಣಸೂ ಇಲ್ಲಿಯದೇ. ಈ ಕರಾವಳಿಯ ಅರಸರು ರಾಯರ ಸಾಮಂತರು. ಕುದುರೆಯ ಚೌಕಾಸಿಯಲ್ಲಿ ಆ ಅಕ್ಕಿ ಎಂದೂ ತಕ್ಕಡಿಗೆ ಬಂದಂತೆ ಕಾಣುವುದಿಲ್ಲ. ನಮಗೆ ಅವರು ಬೇಕು ಎಂಬುದಷ್ಟೇ ಹಂಪಿಯ ಕಣ್ಣಿಗೆ ಬಿತ್ತು, ಅವರಿಗೂ ನಾವು ಬೇಕು ಎಂಬುದು ಬೀಳಲಿಲ್ಲ. 1565ರಲ್ಲಿ ತಾಳಿಕೋಟೆ ಯುದ್ಧವಾಗಿ ವಿಜಯನಗರ ಬಿದ್ದಾಗ ಗೋವೆಯ ಕುದುರೆ ವ್ಯಾಪಾರವೂ ಸೊರಗಿತು. ಅಷ್ಟು ದೊಡ್ಡ ಗಿರಾಕಿ ಹೋದದ್ದರಿಂದ ಗೋವೆಯ ಆದಾಯ ಕುಸಿಯಿತೆಂದು ಗೋಳು ಬರೆದುಕೊಂಡವನು ಅವರದೇ ಚರಿತ್ರೆಕಾರ ಡಿಯೋಗೊ ಡೊ ಕೂಟೊ.

ಅದೇ ಕರಾವಳಿಯನ್ನು ಮುಂದೆ ಆಳಿದ ಕೆಳದಿಯವರು ಬೇರೆ ಲೆಕ್ಕ ಹಾಕಿದರು. ಕೆಳದಿ ವಿಜಯನಗರಕ್ಕಿಂತ ಎಷ್ಟೋ ಸಣ್ಣ ರಾಜ್ಯ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ಘಟ್ಟ ಹತ್ತಿ ಬಂದವರು ಈ ಸಲ ಪೋರ್ಚುಗೀಸರು ಎಂಬುದನ್ನು ಗಮನಿಸಿ. ವರ್ಷ ವರ್ಷ ಮೆಣಸು ಕೊಳ್ಳುವ ಕರಾರು ಅವರ ಮೇಲಿತ್ತು. ಆ ಸಲ ಅವರ ದೇಶದಿಂದ ಹಡಗು ಬಾರದೆ ಕೈಯಲ್ಲಿ ಕಾಸಿರಲಿಲ್ಲ. ವೆಂಕಟಪ್ಪ ನಾಯಕ ಅದಕ್ಕೆ ಮೊದಲೇ ವಿಠಲ ಶೆಣೈ ಎಂಬ ತನ್ನ ರಾಯಭಾರಿಯನ್ನು ಗೋವೆಗೆ ಕಳಿಸಿ ದುಡ್ಡು ಕೇಳಿಸಿದ್ದ. ಹಿಂದಿನ ವರ್ಷವಷ್ಟೇ ಹೋರ್ಮುಜ್ ಪೋರ್ಚುಗೀಸರ ಕೈತಪ್ಪಿತ್ತು. ಇಕ್ಕೇರಿಗೆ ಆ ಸುದ್ದಿ ಬಂದಿರಲೇಬೇಕು. ಪೋರ್ಚುಗೀಸರ ಪಕ್ಷದ ಮಂಗಳೂರಿನ ಬಂಗ ಅರಸನ ಸೀಮೆ ಬಿಟ್ಟುಕೊಡಿ ಎಂಬ ಕೋರಿಕೆಗೂ ವೆಂಕಟಪ್ಪ ಜಗ್ಗಲಿಲ್ಲ. ಕೂಗಾಡಲಿಲ್ಲ, ಯುದ್ಧ ಸಾರಲಿಲ್ಲ, ವ್ಯಾಪಾರ ನಿಲ್ಲಿಸಲೂ ಇಲ್ಲ. ಶಿವಪ್ಪ ನಾಯಕನ ಹೆಸರು ಎಲ್ಲರ ಬಾಯಲ್ಲಿದೆ, ನಮಗೆ ಮಾತ್ರ ಈ ವೆಂಕಟಪ್ಪನ ಮೇಲೇ ಪ್ರೀತಿ ಹೆಚ್ಚು.

ಶಿವಪ್ಪ ನಾಯಕ 1652ರಿಂದ 1654ರೊಳಗೆ ಗಂಗೊಳ್ಳಿ, ಬಸ್ರೂರು, ಹೊನ್ನಾವರ, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡ. ಮುಂದೆ ಗೋವೆಗೆ ಅಕ್ಕಿ ಬೇಕೇ ಬೇಕಾಗಿ, 1671ರಲ್ಲೂ ಕೆಳದಿ ಚೆನ್ನಮ್ಮನ ಕಾಲಕ್ಕೆ 1678ರಲ್ಲೂ ಒಪ್ಪಂದಗಳಾದವು. ಅವರಿಗೆ ಮಳಿಗೆ ಕಟ್ಟಲು ಜಾಗ ಸಿಕ್ಕಿತು, ವ್ಯಾಪಾರಕ್ಕೆ ಅನುಮತಿ ಸಿಕ್ಕಿತು. ಹಳೆಯ ಕೋಟೆಗಳು ಸಿಗಲಿಲ್ಲ.

ಹಾಗಂತ ಇದು ಪೂರ್ತಿ ಗೆಲುವಿನ ಕತೆಯಲ್ಲ. ಕೆಳದಿಗೂ ಕೊನೆಯವರೆಗೆ ಗಟ್ಟಿ ನೌಕಾಬಲ ಇರಲಿಲ್ಲ. 1713ರಲ್ಲಿ ಪೋರ್ಚುಗೀಸ್ ಹಡಗುಗಳು ಕರಾವಳಿಯ ಬಂದರುಗಳ ಮೇಲೆ ಬಿದ್ದವು. ಮರುವರ್ಷ ಕೆಳದಿಯವರು ಮತ್ತೆ ಒಪ್ಪಂದಕ್ಕೆ ಕೂರಬೇಕಾಯಿತು, ಈ ಸಲ ಶರತ್ತು ಹೇಳಿದವರು ಗೋವೆಯವರು.