ಊದ್ ವಾದ್ಯದ ಶ್ರುತಿ: ಲಕ್ಷಣವೂ ಲಕ್ಷ್ಯವೂ

ಇಸ್ತಾಂಬುಲ್, ದಮಸ್ಕಸ್, ಬಾಗ್ದಾದ್ ಮೊದಲಾದ ಪಟ್ಟಣಗಳಲ್ಲಿ ಊದ್ ವಾದ್ಯವನ್ನು ಕೈಗೆಲಸದಿಂದಲೇ ಮಾಡುವ ಕುಶಲಿಗಳು ಇಂದಿಗೂ ಇರುವರು. ಅಂತಹವರು ಮಾಡಿದ ಹೊಸ ವಾದ್ಯವೊಂದು ವಾದಕನ ಕೈಸೇರಿದೊಡನೆ ಮೊದಲು ಹುಟ್ಟುವ ಪ್ರಶ್ನೆಯು, ಇದನ್ನು ಯಾವ ಶ್ರುತಿಗೆ ಕೂಡಿಸಬೇಕೆಂಬುದು. ‘ಅರಬ್ಬೀ ಕ್ರಮ’, ‘ತುರ್ಕೀ ಕ್ರಮ’ ಎಂಬ ಎರಡು ಹೆಸರುಗಳು ರೂಢಿಯಲ್ಲಿರುವುವು. ಇವೆರಡೂ ಮೂಲದಲ್ಲಿಯೇ ಭಿನ್ನವಾದ ಸಂಪ್ರದಾಯಗಳೆಂದು ಅನೇಕರು ತಿಳಿದಿರುವರು. ಈ ತಿಳಿವಳಿಕೆಯು ಎಷ್ಟರಮಟ್ಟಿಗೆ ಸಾಧುವಾದುದೆಂಬುದನ್ನು ಹಳೆಯ ಲಕ್ಷಣಗ್ರಂಥಗಳನ್ನೂ ವಾದ್ಯದ ರಚನೆಯನ್ನೂ ಒಟ್ಟಿಗೆ ಇಟ್ಟುಕೊಂಡು ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶ.

ವಾದ್ಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ‘ಅಲ್-ಊದ್’ ಎಂದರೆ ಅರಬ್ಬೀ ಭಾಷೆಯಲ್ಲಿ ಮರವೆಂದು ಅರ್ಥ. ಯೂರೋಪಿನ ‘ಲ್ಯೂಟ್’ ಎಂಬ ಹೆಸರು ಈ ಪದದಿಂದಲೇ ಬಂದಿರುವುದು. ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ, ಸೀಳಿದ ಅಂಜೂರದ ಹಣ್ಣಿನಂತಹ ಹೊಟ್ಟೆ; ಅದರ ಮೇಲೆ ಹಗುರವಾದ ಹಲಗೆ; ಗಿಡ್ಡನಾದ ದಂಡಿ; ಹಿಂದಕ್ಕೆ ಬಾಗಿದ ಬಿರಡೆಮನೆ. ನಮ್ಮ ವೀಣೆಯಂತೆ ಮೆಟ್ಟಿಲುಗಳು ಈಗಿನ ಊದಿನಲ್ಲಿಲ್ಲ. ಸಾಮಾನ್ಯವಾಗಿ ಐದು ಜೋಡಿ ತಂತಿಗಳೂ ಮಂದ್ರದಲ್ಲಿ ಒಂದು ಒಂಟಿತಂತಿಯೂ ಸೇರಿ ಹನ್ನೊಂದು ತಂತಿಗಳಿರುವುವು.

ಊದಿನ ಶ್ರುತಿಕ್ರಮವನ್ನು ಬರಹದಲ್ಲಿ ಹೇಳಿದವರಲ್ಲಿ ಮೊದಲಿಗನಾಗಿ ಗಣ್ಯನಾದವನು ಕ್ರಿ. ಶ. 9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಕಿಂದಿ ಎಂಬ ತತ್ತ್ವಜ್ಞಾನಿ. ಇವನ ಕಾಲದ ಊದಿಗೆ ನಾಲ್ಕು ತಂತಿಗಳು. ಮಂದ್ರದಿಂದ ಮೇಲಕ್ಕೆ ಇವುಗಳ ಹೆಸರು ಬಮ್, ಮಸ್ಲಸ್, ಮಸ್ನಾ, ಜೀರ್. ಕೆಳಗಿನೆರಡು ಕರುಳಿನವು, ಮೇಲಿನೆರಡು ರೇಷ್ಮೆಯವು. ತಂತಿಯ ಉದ್ದದಲ್ಲಿ ನಾಲ್ಕನೆಯ ಒಂದು ಪಾಲನ್ನು ಬಿಟ್ಟು ಕಿರುಬೆರಳಿನಿಂದ ಒತ್ತಿದರೆ ಹುಟ್ಟುವ ಸ್ವರವು ಮೇಲಿನ ತಂತಿಯ ತೆರೆದ ಸ್ವರಕ್ಕೆ ಸಮನಾಗಬೇಕು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ತಂತಿಯ ಶುದ್ಧಮಧ್ಯಮವೇ ಮುಂದಿನ ತಂತಿಯ ಷಡ್ಜ. ಕೂಡಿಸಿದುದು ಸರಿಯಾಗಿದೆಯೇ ಎಂದು ನೋಡುವ ಉಪಾಯವೂ ಈ ಲೆಕ್ಕದಲ್ಲಿಯೇ ಅಡಗಿರುವುದು. ಬಮ್ ತಂತಿಯಿಂದ ಮಸ್ನಾ ತಂತಿಗೆ ಎರಡು ಮಧ್ಯಮಗಳ ದೂರ, ಎಂದರೆ 16/9. ಮಸ್ನಾದ ಮೇಲೆ ತೋರುಬೆರಳಿನ ಸ್ಥಾನ 9/8, ಅದು ನಮ್ಮ ಚತುಶ್ಶ್ರುತಿ ರಿಷಭ. ಇವೆರಡನ್ನು ಗುಣಿಸಿದರೆ ಸರಿಯಾಗಿ 2 ಬರುವುದು. ತೆರೆದ ಬಮ್ಮಿನ ಮೇಲಿನ ಸ್ಥಾಯಿಯು ಮಸ್ನಾದ ತೋರುಬೆರಳಿನ ಕೆಳಗೆ ದೊರೆಯುವುದು. ಇಂದಿನ ವಾದಕನೂ ಕಿವಿಯಿಂದ ಇದನ್ನೇ ಪರೀಕ್ಷಿಸುವನು.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದುಂಟು. ಹೇಳಿರುವುದೆಲ್ಲವೂ ತಂತಿ ತಂತಿಗಳ ಪರಸ್ಪರ ಸಂಬಂಧ. ಬಮ್ ತಂತಿಯೇ ಎಷ್ಟು ಎತ್ತರದಲ್ಲಿರಬೇಕೆಂಬುದಕ್ಕೆ ಸಂಖ್ಯೆಯಿಲ್ಲ; ಇರುವಂತೆಯೂ ಇರಲಿಲ್ಲ. ಸ್ವರದ ಎತ್ತರವನ್ನು ಕಂಪನಗಳ ಎಣಿಕೆಯಿಂದ ಅಳೆಯುವ ಮಾರ್ಗವು ಯೂರೋಪಿನಲ್ಲಿ ಮರ್ಸೆನ್ನನ ಗ್ರಂಥದಿಂದ, ಎಂದರೆ 1636ರಿಂದೀಚೆಗೆ, ನೆಲೆಗೊಂಡಿತು. ವಿಜಯನಗರದಲ್ಲಿ 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದ ರಾಮಾಮಾತ್ಯನು ಶುದ್ಧಮೇಳವೀಣೆಯ ನಾಲ್ಕು ತಂತಿಗಳನ್ನು ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮಗಳಿಗೆ ಕೂಡಿಸಲು ವಿಧಿಸುವಾಗಲೂ ಷಡ್ಜದ ಎತ್ತರವನ್ನು ವಾದಕನಿಗೇ ಬಿಟ್ಟಿರುವನು. ಈ ಎರಡು ಶಾಸ್ತ್ರಗಳಿಗೆ ವಂಶಸಂಬಂಧವನ್ನು ಕಲ್ಪಿಸುವುದು ನಮ್ಮ ಅಭಿಪ್ರಾಯವಲ್ಲ. ಲಕ್ಷಣಕಾರರು ಯಾವುದನ್ನು ಹೇಳುವರು, ಯಾವುದನ್ನು ಬಿಡುವರು ಎಂಬುದನ್ನು ತೋರಿಸುವುದಷ್ಟೇ ಇಲ್ಲಿ ಉದ್ದಿಷ್ಟ.

ಅಲ್-ಕಿಂದಿಯ ಅನಂತರ ಅಲ್-ಫಾರಾಬಿಯು (ಮರಣ 950) ಬೆರಳಿನ ಸ್ಥಾನಗಳನ್ನು ಇನ್ನೂ ವಿಸ್ತಾರವಾಗಿ ನಿರೂಪಿಸಿದನು. ಜಲ್ಜಲ್ ಎಂಬ ವಾದಕನ ಹೆಸರಿನ ನಡುಬೆರಳ ಸ್ಥಾನವು ಅಲ್ಲಿ 27/22 ಎಂದಿರುವುದು. ಇದು ನಮ್ಮ ಸಾಧಾರಣಗಾಂಧಾರಕ್ಕೂ ಅಂತರಗಾಂಧಾರಕ್ಕೂ ನಡುವೆ ನಿಲ್ಲುವ ಸ್ವರ. ಶಾಸ್ತ್ರಕಾರನು ಒಬ್ಬ ವಾದಕನ ಬೆರಳಿಗೆ ಲೆಕ್ಕವನ್ನು ಹೊಂದಿಸಿಕೊಂಡಿರುವನೆಂಬುದೇ ಇಲ್ಲಿಯ ಸ್ವಾರಸ್ಯ.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ಬಸ್ರಾ ಪಟ್ಟಣದಲ್ಲಿ 10ನೆಯ ಶತಮಾನದಲ್ಲಿದ್ದ ‘ಇಖ್ವಾನ್ ಅಸ್-ಸಫಾ’ ಎಂಬ ಪಂಡಿತಮಂಡಲಿಯ ಬರಹಗಳಲ್ಲಿ ದೊರೆಯುವುದು. ವಾದ್ಯದ ಉದ್ದವು ಅಗಲದ ಒಂದೂವರೆಯಷ್ಟು, ಆಳವು ಅಗಲದ ಅರ್ಧ, ದಂಡಿಯು ಉದ್ದದ ಕಾಲುಭಾಗ ಎಂದು ವಿಧಿಸಿದ ಮೇಲೆ, ತಂತಿಗಳಲ್ಲಿರಬೇಕಾದ ರೇಷ್ಮೆಯ ಎಳೆಗಳನ್ನು ಅವರು ಎಣಿಸಿ ಹೇಳಿರುವರು: ಬಮ್ 64, ಮಸ್ಲಸ್ 48, ಮಸ್ನಾ 36, ಜೀರ್ 27. ಒಂದೊಂದೂ ಹಿಂದಿನದರ ಮುಕ್ಕಾಲು. ಸ್ವರಗಳ ಸಂಬಂಧವು 4/3 ಆಗಿರಲು ಎಳೆಗಳ ಸಂಬಂಧವೂ 4/3 ಆಗಿರುವುದು ನೋಡುವುದಕ್ಕೆ ಅತ್ಯಂತ ರಮಣೀಯವಾಗಿದೆ. ಆದರೆ ಈ ಲೆಕ್ಕದಂತೆ ತಂತಿಕಟ್ಟಿದರೆ ಏನಾಗುವುದು? ತಂತಿಯ ಬಿಗಿತವು ಅದರ ತೂಕದಂತೆಯೂ ಸ್ವರದ ಎತ್ತರದ ವರ್ಗದಂತೆಯೂ ಹೆಚ್ಚುವುದಾದುದರಿಂದ, ಪ್ರತಿಯೊಂದು ತಂತಿಯೂ ಕೆಳಗಿನದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಬಿಗಿಯಾಗುವುದು. ಕೊನೆಗೆ ಜೀರ್ ತಂತಿಯ ಬಿಗಿತವು ಬಮ್ಮಿನ ಬಿಗಿತದ 64/27 ಪಾಲು, ಎಂದರೆ ಎರಡು ಪಾಲಿಗೂ ಮಿಕ್ಕಿ, ಆಗುವುದು. ಬಮ್ ಕೈಗೆ ಹಿತವಾಗಿದ್ದರೆ ಜೀರ್ ಬೆರಳನ್ನು ಕೊಯ್ಯುವುದು. ಜೀರ್ ಹಿತವಾಗಿದ್ದರೆ ಬಮ್ ಸಡಿಲವಾಗಿ ನಾದಗುಂದುವುದು. ಬಿಗಿತವು ಸಮವಾಗಿರಬೇಕಾದರೆ ಎಳೆಗಳ ಸಂಖ್ಯೆಯು ಮುಕ್ಕಾಲಲ್ಲ, ಹದಿನಾರರಲ್ಲಿ ಒಂಬತ್ತು ಪಾಲಿಗೆ ಇಳಿಯಬೇಕು. ಹಾಗಾದಕಾರಣ ಈ ನಾಲ್ಕು ಸಂಖ್ಯೆಗಳು ವಾದ್ಯಕಾರನ ಕಾರ್ಖಾನೆಯಿಂದ ಬಂದುವಲ್ಲ, ಸಂಖ್ಯೆಗಳ ಸಾಮರಸ್ಯವನ್ನು ವಿಶ್ವದಲ್ಲೆಲ್ಲ ಕಾಣುತ್ತಿದ್ದ ತತ್ತ್ವಜ್ಞರ ಮನಸ್ಸಿನಿಂದ ಬಂದುವೆಂದು ನಾವು ಭಾವಿಸುವೆವು. ಕೆಳಗಿನ ತಂತಿಗಳಿಗೆ ಬೇರೆಯ ದ್ರವ್ಯವನ್ನೇ ಹೇಳಿದ ಅಲ್-ಕಿಂದಿಯು ಪ್ರಯೋಗಕ್ಕೆ ಹೆಚ್ಚು ಹತ್ತಿರನಾಗಿ ತೋರುವನು.

ಜಿರ್ಯಾಬನ ಕಥೆಯನ್ನು ಕೂಡ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಬಾಗ್ದಾದಿನಿಂದ ಹೊರಟು 822ರಲ್ಲಿ ಸ್ಪೇನಿನ ಕಾರ್ಡೋಬಾ ಪಟ್ಟಣವನ್ನು ಸೇರಿದ ಈ ಗಾಯಕನು, ಖಲೀಫ ಹಾರೂನ್ ಅಲ್-ರಶೀದನ ಸಭೆಯಲ್ಲಿ ತನ್ನ ಗುರುವಿನ ಊದನ್ನು ಒಲ್ಲದೆ ತಾನೇ ಮಾಡಿದ ಊದನ್ನು ತರಿಸಿಕೊಂಡನಂತೆ. ಗಾತ್ರವೂ ಮರವೂ ಒಂದೇ ಆಗಿದ್ದರೂ ಇವನದು ಸುಮಾರು ಮೂರನೆಯ ಒಂದು ಪಾಲು ಹೆಚ್ಚು ತೂಕದ್ದಾಗಿದ್ದಿತಂತೆ. ಮಂದ್ರದ ತಂತಿಗಳು ಸಿಂಹದ ಮರಿಯ ಕರುಳಿನವಂತೆ. ಸಿಂಹದ ಮರಿಯನ್ನು ಬಿಡೋಣ. ತೂಕದ ಮಾತು ಕಲ್ಪನೆಯಾದರೂ ಕುಶಲಿಯು ಬಲ್ಲ ಕಲ್ಪನೆ: ಬಿಗಿಯಾದ ತಂತಿಯನ್ನು ಹೊರಲು ಗಟ್ಟಿಯಾದ ಮೈ ಬೇಕಷ್ಟೆ. ಇಷ್ಟನ್ನೂ ನಮಗೆ ಹೇಳುವವನು 1632ರಲ್ಲಿ ಮರಣಹೊಂದಿದ ಅಲ್-ಮಕ್ಕರಿ. ಜಿರ್ಯಾಬನಿಗೂ ಇವನಿಗೂ ಏಳುನೂರು ವರ್ಷಗಳಿಗಿಂತ ಹೆಚ್ಚಿನ ಅಂತರ.

ಜಿರ್ಯಾಬನು ಐದನೆಯ ತಂತಿಯನ್ನು ಸೇರಿಸಿದನೆಂಬುದು ಸರ್ವತ್ರ ಪ್ರಸಿದ್ಧವಾದ ಮಾತು. ನಾಲ್ಕು ತಂತಿಗಳು ಶರೀರದ ನಾಲ್ಕು ಧಾತುರಸಗಳಿಗೆ ಪ್ರತೀಕಗಳೆಂಬ ನಂಬಿಕೆಯಿದ್ದುದರಿಂದ, ಆತ್ಮಕ್ಕೆ ಪ್ರತೀಕವಾಗಿ ಕೆಂಪುಬಣ್ಣದ ತಂತಿಯೊಂದನ್ನು ನಡುವೆ, ಮಸ್ಲಸ್ ಮಸ್ನಾಗಳ ಮಧ್ಯದಲ್ಲಿ, ಇಟ್ಟನೆಂದು ಹೇಳುವರು. ಆದರೆ ಮಧ್ಯಮಸಂಬಂಧದ ಸರಪಳಿಯಲ್ಲಿ ನಡುವೆ ಇನ್ನೊಂದು ಕೊಂಡಿಯನ್ನು ಸೇರಿಸಲು ಎಡೆಯಿಲ್ಲ. ಒಂದೋ ಸರಪಳಿ ಮುರಿಯಬೇಕು, ಇಲ್ಲವೇ ಮೇಲಿನ ತಂತಿಗಳೆಲ್ಲವೂ ಸ್ಥಾನಬದಲಾಯಿಸಬೇಕು. ಅಲ್-ಕಿಂದಿಯೂ ಐದನೆಯ ತಂತಿಯೊಂದನ್ನು ಹೇಳಿರುವನು. ಆದರೆ ಅದು ಜೀರ್ ತಂತಿಗೂ ಮೇಲೆ, ಎರಡು ಸ್ಥಾಯಿಗಳನ್ನು ಪೂರ್ತಿಮಾಡುವುದಕ್ಕಾಗಿ. ಆ ತಂತಿಯ ತೆರೆದ ಸ್ವರ 256/81. ಅದರ ಮೇಲೆ ಉಂಗುರಬೆರಳಿನ ಗಾಂಧಾರ 81/64. ಗುಣಿಸಿದರೆ ಸರಿಯಾಗಿ 4. ಅಲ್-ಕಿಂದಿಯ ತಂತಿ ಲೆಕ್ಕದಿಂದ ಹುಟ್ಟಿದುದು, ಜಿರ್ಯಾಬನದು ಪ್ರತೀಕದಿಂದ. ಇಷ್ಟಾದರೂ ಜಿರ್ಯಾಬನ ಕಥೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆ್ಯಂಡಲೂಸಿಯದ ಸಂಗೀತವು ಇಂದಿಗೂ ಉಳಿದಿರುವ ಉತ್ತರ ಆಫ್ರಿಕದಲ್ಲಿ ‘ಊದ್ ಅರ್ಬಿ’ ಎಂಬ ನಾಲ್ಕು ಜೋಡಿಯ ವಾದ್ಯವುಂಟು. ಅದರ ತಂತಿಗಳು ಮಂದ್ರದಿಂದ ತಾರಕ್ಕೆ ಕ್ರಮವಾಗಿ ಏರುವುದಿಲ್ಲ, ಎಲ್ಲವೂ ಮಧ್ಯಮಸಂಬಂಧದಲ್ಲಿಯೂ ಇಲ್ಲ. ಪಶ್ಚಿಮದಲ್ಲಿ ಸರಪಳಿ ಮುರಿದಿದ್ದುದು ನಿಜ. ಮುರಿದವನು ಯಾರೆಂಬುದು ಬೇರೆಯ ಮಾತು.

1258ರಲ್ಲಿ ಬಾಗ್ದಾದು ಮಂಗೋಲರ ವಶವಾದುದನ್ನು ಕಣ್ಣಾರೆ ಕಂಡ ಸಫೀಯುದ್ದೀನ್ ಅಲ್-ಉರ್ಮವಿಯ ಕಾಲಕ್ಕೆ ಐದು ತಂತಿಗಳ ಊದ್ ಸ್ಥಿರಪಟ್ಟಿದ್ದಿತು. ಅವನು ಸ್ಥಾಯಿಯನ್ನು ಹದಿನೇಳಾಗಿ ವಿಭಾಗಿಸಿದ ಬಗೆಯು ಪ್ರಕೃತಕ್ಕೆ ಅನವಶ್ಯಕ.

ಈಗ ಇಂದಿನ ಎರಡು ಕ್ರಮಗಳಿಗೆ ಬರೋಣ. ಅರಬ್ಬರು ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಕಿರ್ದಾನ್, ನವಾ, ದೂಕಾಹ್, ಉಶೈರಾನ್, ಯಕಾಹ್ ಎಂಬ ಸ್ವರಗಳಿಗೆ ಕೂಡಿಸುವರು. ತುರ್ಕರು ಗೆರ್ದಾನಿಯೆ, ನೆವಾ, ದ್ಯುಗಾಹ್, ಹುಸೇನೀ ಅಶೀರಾನ್ ಎಂಬ ಸ್ವರಗಳಿಗೂ, ಐದನೆಯದನ್ನು ಮತ್ತೊಂದು ಮಧ್ಯಮಾಂತರ ಕೆಳಕ್ಕೂ ಕೂಡಿಸುವರು. ಹೆಸರುಗಳನ್ನು ಎದುರೆದುರಾಗಿಟ್ಟು ನೋಡಿದರೆ ಮೊದಲ ನಾಲ್ಕೂ ಒಂದೇ ಎಂಬುದು ಸ್ಪಷ್ಟ. ರಾಸ್ತ್ ಎಂಬ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ ಇವು ತಾರಷಡ್ಜ, ಪಂಚಮ, ರಿಷಭ, ಮಂದ್ರಧೈವತಗಳಾಗುವುವು. ಕೆಳಗಿನಿಂದ ಎಣಿಸಿದರೆ ಅಲ್-ಕಿಂದಿಯ ಬಮ್, ಮಸ್ಲಸ್, ಮಸ್ನಾ, ಜೀರ್ ಇವೇ. ಸಾವಿರ ವರ್ಷಗಳ ಸರಪಳಿ ಇಲ್ಲಿ ತುಂಡಾಗದೆ ಉಳಿದಿದೆ. ವ್ಯತ್ಯಾಸವಿರುವುದು ಮಂದ್ರದಲ್ಲಿ: ಅರಬ್ಬರ ಯಕಾಹ್ ಉಶೈರಾನಿಗೆ ಒಂದೇ ಸ್ವರ ಕೆಳಗಿನ ಪಂಚಮ, ರಾಗದ ನೆಲೆಸ್ವರಕ್ಕೆ ಆಧಾರವಾಗಿ ಮೊಳಗಲೆಂದೇ ಅದನ್ನು ಅಲ್ಲಿ ಇಟ್ಟಿರುವಂತೆ ತೋರುವುದು.

ಹಾಗಾದರೆ ಎರಡು ಹೆಸರುಗಳೇಕೆ? ಎತ್ತರದ ಭೇದದಿಂದ. ಅರಬ್ಬರ ಕಿರ್ದಾನ್ ಪಾಶ್ಚಾತ್ಯರ ಸಿ ಸ್ವರದಲ್ಲಿಯೂ ತುರ್ಕರ ಗೆರ್ದಾನಿಯೆ ಡಿ ಸ್ವರದಲ್ಲಿಯೂ ನುಡಿಯುವುದು. ತುರ್ಕರು ಅದನ್ನು ಬರೆಯುವಾಗ ಜಿ ಎಂದು ಬರೆದು, ನುಡಿಸುವಾಗ ಒಂದು ಮಧ್ಯಮಾಂತರ ಕೆಳಗೆ ನುಡಿಸುವರು. ಅವರಲ್ಲಿ ‘ನೇಯ್’ ಎಂಬ ಕೊಳಲಿನ ಉದ್ದವನ್ನನುಸರಿಸಿ ಬೊಲಾಹೆಂಕ್, ಮನ್ಸೂರ್ ಮೊದಲಾದ ‘ಆಹೆಂಕ್’ಗಳು, ಎಂದರೆ ಆಧಾರಶ್ರುತಿಗಳು, ಏರ್ಪಟ್ಟಿರುವುವು, ಸ್ವರದ ಹೆಸರು ಸ್ಥಿರ, ಎತ್ತರವು ಚರ. ನಮ್ಮ ಗಾಯಕರು ತಮ್ಮ ಕಂಠಕ್ಕೆ ತಕ್ಕ ಶ್ರುತಿಯನ್ನು ಹಿಡಿಯುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಪಾಶ್ಚಾತ್ಯ ಸ್ವರಲಿಪಿಯು ಹಬ್ಬಿದ ಮೇಲೆ ಹೆಸರಿಗೂ ಎತ್ತರಕ್ಕೂ ಗಂಟುಬಿದ್ದು, ಒಂದೇ ಕ್ರಮವು ಎರಡಾಗಿ ಕಾಣತೊಡಗಿತು. 1932ರಲ್ಲಿ ಕೈರೋ ನಗರದಲ್ಲಿ ದೊರೆ ಫುಆದನ ಆಶ್ರಯದಲ್ಲಿ ನೆರೆದ ಸಂಗೀತ ಸಮ್ಮೇಳನದಲ್ಲಿ ಬಾರ್ಟೋಕ್, ಹಿಂಡೆಮಿಟ್, ಫಾರ್ಮರ್ ಮೊದಲಾದವರು ಭಾಗವಹಿಸಿದ್ದರು. ಸ್ಥಾಯಿಯನ್ನು ಇಪ್ಪತ್ತನಾಲ್ಕು ಸಮಪಾಲುಗಳಾಗಿ ಮಾಡುವ ವಿಚಾರದಲ್ಲಿ ಅಲ್ಲಿ ಒಮ್ಮತವುಂಟಾಗಲಿಲ್ಲ.

ಎತ್ತರವು ಲಿಪಿಯಿಂದ ಮಾತ್ರ ನಿರ್ಣಯವಾಗುವುದೆಂದಲ್ಲ. ವಾದ್ಯದ ಮೈಯೂ ಅದನ್ನು ನಿರ್ಣಯಿಸುವುದು. ಇಸ್ತಾಂಬುಲಿನಲ್ಲಿ ಮನೋಲ್ (1845–1915) ಮೊದಲಾದವರ ಪರಂಪರೆಯಲ್ಲಿ ನುಡಿಯುವ ತಂತಿಯ ಉದ್ದ ಸಾಮಾನ್ಯವಾಗಿ 58.5 ಸೆಂಟಿಮೀಟರು, ಅರಬ್ಬೀ ವಾದ್ಯಗಳಲ್ಲಿ ಸುಮಾರು 61.5. ಈ ಮೂರು ಸೆಂಟಿಮೀಟರುಗಳಿಂದಲೇ ಅರ್ಧಸ್ವರಕ್ಕೆ ತುಸು ಕಡಮೆಯಾದ ಭೇದವುಂಟಾಗುವುದು, ಮಿಕ್ಕುದು ಅಭಿರುಚಿ. ಒಂದೇ ತಂತಿಯನ್ನು ಒಂದು ಪೂರ್ಣಸ್ವರ ಏರಿಸಿದರೆ ಬಿಗಿತವು 81/64 ಪಾಲಾಗುವುದು, ಎಂದರೆ ನೂರಕ್ಕೆ ಇಪ್ಪತ್ತೇಳು ಹೆಚ್ಚುವುದು. ಹನ್ನೊಂದು ತಂತಿಗಳ ಈ ಹೆಚ್ಚಿನ ಎಳೆತವನ್ನೆಲ್ಲ ಕುದುರೆಯ ಮೂಲಕ ಹೊರಬೇಕಾದುದು ಎರಡು ಮಿಲಿಮೀಟರಿನ ಆಸುಪಾಸಿನ ಹಲಗೆ. ಆದಕಾರಣ ಸಿ ಸ್ವರಕ್ಕೆ ತಂತಿಕಟ್ಟಿದ ಹೊಸ ಅರಬ್ಬೀ ಊದನ್ನು ತಂತಿಬದಲಾಯಿಸದೆ ಡಿ ಸ್ವರಕ್ಕೆ ಏರಿಸುವುದು ಅವಿವೇಕ. ತುರ್ಕೀ ಊದನ್ನು ಹಾಗೆಯೇ ಇಳಿಸಿದರೆ ಬಿಗಿತವು ಐದನೆಯ ಒಂದು ಪಾಲು ಕುಗ್ಗಿ ನಾದವು ಮಂಕಾಗುವುದು. ಹೊಸ ವಾದ್ಯವನ್ನು ಪಡೆದವನು ದೇಶದ ಹೆಸರನ್ನು ಕೇಳುವುದಕ್ಕಿಂತ ಮೊದಲು ತಂತಿಯ ಉದ್ದವನ್ನಳೆದು, ಕುಶಲಿಯು ಯಾವ ದಪ್ಪದ ತಂತಿಗಳನ್ನು ಕಟ್ಟಿರುವನೆಂದು ನೋಡತಕ್ಕದ್ದು. ಹಳೆಯ ವಾದ್ಯದ ನಾದವನ್ನು ಕೇಳಿ ಅದರ ಕಾಲದ ಸಂಗೀತವನ್ನು ಊಹಿಸುವ ವಿದ್ವಾಂಸರಿಗೂ ಈ ಎಚ್ಚರವು ಅವಶ್ಯಕ.

ಬಾಗ್ದಾದಿನಲ್ಲಿ 20ನೆಯ ಶತಮಾನದಲ್ಲಿ ನಡೆದ ಪ್ರಯೋಗವು ಈ ಮಾತಿಗೆ ಒಳ್ಳೆಯ ನಿದರ್ಶನ. ಇಸ್ತಾಂಬುಲಿನ ಶರೀಫ್ ಮುಹಿದ್ದೀನ್ (1892–1967) ಊದನ್ನಲ್ಲದೆ ಯೂರೋಪಿನ ಚೆಲೋ ವಾದ್ಯವನ್ನೂ ನುಡಿಸಬಲ್ಲವನಾಗಿದ್ದನು. 1930ರ ದಶಕದಲ್ಲಿ ಬಾಗ್ದಾದಿಗೆ ಬಂದು ಸಂಗೀತಶಾಲೆಯಲ್ಲಿ ಪಾಠಹೇಳಿದನು. ಅವನ ಶಿಷ್ಯರಾದ ಜಮೀಲ್ ಬಶೀರ್, ಮುನೀರ್ ಬಶೀರ್ ಸಹೋದರರು ಊದನ್ನು ಗಾಯನದ ಅನುಚರನ ಸ್ಥಾನದಿಂದ ಬಿಡಿಸಿ ಒಂಟಿವಾದನಕ್ಕೆ ಏರಿಸಿದರು. ಇದಕ್ಕೆ ಮೇಲಿನ ಸ್ವರಗಳು ಬೇಕಾದುವು. ಕಿರ್ದಾನ್ ತಂತಿಗೂ ಮೇಲೆ ಎಫ್ ಸ್ವರದ ತಂತಿಯೊಂದು ಬಂದಿತು. ಅದನ್ನು ಹೊರಲು ಹಳೆಯ ಮೈ ಸಾಲದೆ ಹೋದುದರಿಂದ, ಕುಶಲಿಯಾದ ಮುಹಮ್ಮದ್ ಫಾಜಿಲನು ಕುದುರೆಯನ್ನು ಹಲಗೆಗೆ ಅಂಟಿಸದೆ ಮೇಲೆ ನಿಲ್ಲಿಸಿ, ತಂತಿಗಳ ತುದಿಯನ್ನು ವಾದ್ಯದ ಬುಡಕ್ಕೆ ಬಿಗಿಯುವ ರಚನೆಯನ್ನು ಬಳಸಿದನು. ಆ ಎಫ್ ಸ್ವರವಾದರೋ ಜೀರ್ ತಂತಿಯ ಮೇಲಿನ ಇನ್ನೊಂದು ಮಧ್ಯಮ. ಎಂದರೆ, ಅದೇ ನಗರದಲ್ಲಿ ಅಲ್-ಕಿಂದಿಯು ಎರಡು ಸ್ಥಾಯಿಗಳ ಪೂರ್ತಿಗಾಗಿ ಹೇಳಿದ ಐದನೆಯ ತಂತಿ. ಇದನ್ನು ಗ್ರಂಥದಿಂದ ತೆಗೆದುಕೊಂಡರೆಂದು ಹೇಳಬೇಕಾದುದಿಲ್ಲ. ಕೈಯ ಅಪೇಕ್ಷೆಯೇ ಸಾಕಾದ ಕಾರಣ. ಬಿಗಿತವು ಕಿರ್ದಾನಿಗೆ ಸಮನಾಗಿರಲು ಆ ತಂತಿಯ ದಪ್ಪವು ಅದರ ಮುಕ್ಕಾಲಿರಬೇಕು. ಬಸ್ರಾದ ಪಂಡಿತರ ಮುಕ್ಕಾಲು ಎಳೆಗಳ ಎಣಿಕೆಗೆ ಒಪ್ಪದೆ, ದಪ್ಪದ ಅಳತೆಗೆ ಒಪ್ಪುವುದು.