ಗಣಕಿಯರು ಯಂತ್ರದ ಭಾಷೆ ಕಲಿತ ಕಥೆ

'ಗಣಕ' ಎಂಬ ಮಾತಿಗೆ ಮೂಲದಲ್ಲಿ ಲೆಕ್ಕ ಹಾಕುವವನು ಎಂದೇ ಅರ್ಥ. ಯಂತ್ರ ಬಂದ ಮೇಲೆ ಅದು ಗಣಕಯಂತ್ರವಾಯಿತು. ಈಗ ಬರೀ ಗಣಕ ಎಂದರೂ ನಮಗೆ ಮೇಜಿನ ಮೇಲಿನ ಪೆಟ್ಟಿಗೆಯೇ ನೆನಪಾಗುತ್ತದೆ. ಇಂಗ್ಲಿಷಿನ 'ಕಂಪ್ಯೂಟರ್' ಪದದ ಚರಿತ್ರೆಯೂ ಇದೇ ಬಗೆಯದು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅದು ಒಂದು ಹುದ್ದೆಯ ಹೆಸರಾಗಿತ್ತು. ಆ ಹುದ್ದೆಯಲ್ಲಿದ್ದವರಿಗೆ ಅದೇ ಹೆಸರಿನ ಯಂತ್ರವೊಂದು ಎದುರಾದಾಗ ಅವರೇನು ಮಾಡಿದರು? ನಡುವಯಸ್ಸಿನಲ್ಲಿ ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯದೆ ಗತ್ಯಂತರವಿಲ್ಲ ಎಂಬ ಸ್ಥಿತಿಯಲ್ಲಿರುವ ಇಂದಿನ ನೌಕರರೂ ತಿಳಿಯಬೇಕಾದ ಚರಿತ್ರೆ ಇದು.

ಅಮೆರಿಕದ ವರ್ಜೀನಿಯ ರಾಜ್ಯದ ಲ್ಯಾಂಗ್ಲಿಯಲ್ಲಿ ವಿಮಾನ ಸಂಶೋಧನೆಯ ಸರ್ಕಾರಿ ಪ್ರಯೋಗಾಲಯವಿತ್ತು. ವಾಯು ಸುರಂಗಗಳಲ್ಲಿ ನಡೆಸಿದ ಪರೀಕ್ಷೆಗಳಿಂದ ಬರುತ್ತಿದ್ದ ಅಂಕಿಗಳ ರಾಶಿಯನ್ನು ಲೆಕ್ಕ ಮಾಡಲು 1935ರಲ್ಲಿ ಅಲ್ಲಿ ಐವರು ಮಹಿಳೆಯರ ತಂಡವೊಂದು ಆರಂಭವಾಯಿತು. ಎರಡನೆಯ ಮಹಾಯುದ್ಧ ಬಂದಾಗ ಕೈಗಳು ಸಾಲದಾದವು. ರಕ್ಷಣಾ ಉದ್ಯೋಗಗಳಲ್ಲಿ ವರ್ಣಭೇದ ಕೂಡದೆಂದು ಅಧ್ಯಕ್ಷ ರೂಸ್‌ವೆಲ್ಟ್ 1941ರಲ್ಲಿ ಆಜ್ಞೆ ಹೊರಡಿಸಿದ್ದರು. ಹೀಗೆ ಗಣಿತ ಓದಿದ ಕರಿಯ ಮಹಿಳೆಯರಿಗೂ ಬಾಗಿಲು ತೆರೆಯಿತು. ಆದರೆ ಆ ರಾಜ್ಯದ ಕಾನೂನು ಬೇರೆಯೇ ಇತ್ತು. ಅವರಿಗೆ ಪ್ರತ್ಯೇಕ ಕಚೇರಿ, ಪ್ರತ್ಯೇಕ ಊಟದ ಮೇಜು, ಪ್ರತ್ಯೇಕ ಶೌಚಾಲಯ. ಅವರ ವಿಭಾಗದ ಹೆಸರು 'ವೆಸ್ಟ್ ಏರಿಯಾ ಕಂಪ್ಯೂಟಿಂಗ್'.

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಡೊರೊತಿ ವಾನ್ 1943ರ ಡಿಸೆಂಬರಿನಲ್ಲಿ ಅಲ್ಲಿಗೆ ಸೇರಿದರು. 1949ರಲ್ಲಿ ಆ ವಿಭಾಗದ ಹೊಣೆ ಅವರ ಹೆಗಲಿಗೆ ಬಂತು. ಆ ಸಂಸ್ಥೆಯಲ್ಲಿ ಮೇಲ್ವಿಚಾರಕ ಸ್ಥಾನಕ್ಕೇರಿದ ಮೊದಲ ಕರಿಯ ವ್ಯಕ್ತಿ ಅವರೇ.

ಇವರ ಕೆಲಸದ ಬಗೆಯನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಎಂಜಿನಿಯರು ಸೂತ್ರ ಕೊಡುತ್ತಾನೆ. ಅದನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ದೊಡ್ಡ ಹಾಳೆಯ ಮೇಲೆ ಕಾಲಂಗಳಾಗಿ ಬರೆಯಬೇಕು. ಮೂರನೆಯ ಕಾಲಮನ್ನು ಐದನೆಯದರಿಂದ ಗುಣಿಸಿ, ಬಂದದ್ದನ್ನು ಆರನೆಯದರಲ್ಲಿ ಬರೆ, ಎಂಬಂಥ ಅಪ್ಪಣೆಗಳು ಅವು. ಕೂಡಿ ಕಳೆಯುವ ಯಂತ್ರ ಮೇಜಿನ ಮೇಲಿರುತ್ತಿತ್ತು. ಸೂತ್ರವನ್ನು ತಪ್ಪಿಲ್ಲದ ಹೆಜ್ಜೆಗಳಾಗಿ ಬಿಡಿಸುವ ಕೌಶಲ ಮಾತ್ರ ಮನುಷ್ಯರದಾಗಿತ್ತು.

1950ರ ದಶಕದಲ್ಲಿ ಐಬಿಎಂ ಕಂಪನಿಯ ವಿದ್ಯುನ್ಮಾನ ಗಣಕಗಳು ಪ್ರಯೋಗಾಲಯಕ್ಕೆ ಬಂದವು. ಮೊದಮೊದಲು ಇವುಗಳಿಗೆ ಯಂತ್ರದ್ದೇ ಸಂಕೇತಗಳಲ್ಲಿ ಆದೇಶ ಬರೆಯಬೇಕಿತ್ತು. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ರೂಪಿಸಿದ 'ಫೋರ್‌ಟ್ರಾನ್' ಹೊರಬಂತು. ಗಣಿತದ ಸೂತ್ರವನ್ನು ಹೆಚ್ಚು ಕಡಿಮೆ ಸೂತ್ರದಂತೆಯೇ ಬರೆದರೆ ಅದನ್ನು ಯಂತ್ರದ ಸಂಕೇತಕ್ಕೆ ತಿರುಗಿಸುವ ಭಾಷೆ ಇದು. ಆದರೆ ಶಿಸ್ತು ಬಿಗಿಯಾಗಿತ್ತು. 80 ಕಾಲಂಗಳ ರಂಧ್ರದ ಕಾರ್ಡಿನಲ್ಲಿ ಆದೇಶವು 7ರಿಂದ 72ನೆಯ ಕಾಲಮಿನೊಳಗೇ ಇರಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಕೆಲಸ ಕೆಟ್ಟಿತು.

1958ರಲ್ಲಿ ಆ ಸಂಸ್ಥೆ 'ನಾಸಾ' ಆಯಿತು. ಪ್ರತ್ಯೇಕ ವಿಭಾಗ ರದ್ದಾಯಿತು. ವಾನ್ ಅವರಿಗಾಗ 48 ವರ್ಷ. ಬೇರ್ಪಡಿಕೆ ಹೋಯಿತೆಂಬುದು ಸಂತೋಷವೇ, ಆದರೆ ಅದರೊಡನೆ ಅವರ ಮುಖ್ಯಸ್ಥೆಯ ಕುರ್ಚಿಯೂ ಹೋಯಿತು. ಅವರೂ ಅವರ ಅನೇಕ ಸಹೋದ್ಯೋಗಿಗಳೂ ಹೊಸ ಗಣನ ವಿಭಾಗಕ್ಕೆ ಸೇರಿದರು. ಫೋರ್‌ಟ್ರಾನ್ ಕಲಿತ ವಾನ್ ಅದರಲ್ಲಿ ಪಳಗಿದರು, ಜೊತೆಯವರನ್ನೂ ಕಲಿಕೆಗೆ ಹಚ್ಚಿದರು. ಮುಂದೆ 'ಸ್ಕೌಟ್' ಉಡಾವಣಾ ರಾಕೆಟ್ಟಿನ ಕೆಲಸದಲ್ಲೂ ಪಾಲುಗೊಂಡರು.

ಇವರಿಗೆ ಈ ಕಲಿಕೆ ಸಾಧ್ಯವಾದದ್ದು ಹೇಗೆ? ಕಾಲಂ ಹಾಳೆಯ ಮೇಲಿನ ಅಪ್ಪಣೆಗಳಿಗೂ ಪ್ರೋಗ್ರಾಮಿಗೂ ಇರುವ ಹೋಲಿಕೆಯಲ್ಲಿ ಉತ್ತರವಿದೆ. ಅಪ್ಪಣೆ ಪಾಲಿಸುವವರು ಬದಲಾಗಿದ್ದರೇ ಹೊರತು ಅಪ್ಪಣೆ ಬರೆಯುವ ಬುದ್ಧಿ ಹಳೆಯದೇ. ಉತ್ತರ ಎಷ್ಟರ ಮಟ್ಟಿಗೆ ಸರಿ ಎಂದು ಅಂದಾಜು ಮಾಡುವ ಅನುಭವವೂ ಅವರಲ್ಲಿತ್ತು. ಆ ಅನುಭವದ ಬೆಲೆ 1962ರಲ್ಲೂ ತಗ್ಗಿರಲಿಲ್ಲ. ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಲು ಹೊರಡುವ ಮುನ್ನ, ಯಂತ್ರ ಕೊಟ್ಟ ಅಂಕಿಗಳನ್ನು ಕ್ಯಾಥರಿನ್ ಜಾನ್ಸನ್ ಒಮ್ಮೆ ತಾಳೆ ನೋಡಲಿ ಎಂದು ಕೇಳಿದ್ದರು. ಜಾನ್ಸನ್ ಕೂಡ ವಾನ್ ಅವರ ವಿಭಾಗಕ್ಕೇ ಮೊದಲು ಸೇರಿದವರು.

ಆದರೂ ಕಥೆಯ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಹೊಸ ವಿದ್ಯೆ ವಾನ್ ಅವರ ಕೆಲಸವನ್ನು ಉಳಿಸಿತು, ಅಧಿಕಾರವನ್ನು ಮರಳಿ ಕೊಡಲಿಲ್ಲ. ಅವರು ಬಯಸಿದ ಮೇಲ್ವಿಚಾರಕ ಹುದ್ದೆ ಮತ್ತೆ ಸಿಗದೆಯೇ 1971ರಲ್ಲಿ ನಿವೃತ್ತರಾದರು; 2008ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದ ಕಾಂಗ್ರೆಸ್ಸಿನ ಚಿನ್ನದ ಪದಕ ಅವರ ಹೆಸರಿಗೆ ಬಂದದ್ದು 2019ರಲ್ಲಿ.

'ಹೊಸದನ್ನು ಕಲಿಯಿರಿ' ಎಂದು ನೌಕರರಿಗೆ ಹೇಳುವುದು ಸುಲಭ. ಕಲಿಯುವ ಹೊಣೆ ನೌಕರನದಾದರೆ, ಕಲಿತವರಿಗೆ ತಕ್ಕ ಸ್ಥಾನ ಕೊಡುವ ಹೊಣೆ ಸಂಸ್ಥೆಯದು. ಲ್ಯಾಂಗ್ಲಿಯ ಗಣಕಿಯರು ತಮ್ಮ ಪಾಲಿನದನ್ನು ಪೂರೈಸಿದ್ದರು.