ಕೆರೆ ಕಟ್ಟಿದವರು, ಹಕ್ಕಿ ಎಣಿಸಿದವರು



ಬೆಂಗಳೂರಿನ ದಕ್ಷಿಣಕ್ಕೆ ಬಿಟಿಎಂ ಲೇಔಟ್ ಅಂತ ಒಂದು ಬಡಾವಣೆ ಉಂಟು. ಆ ಮೂರಕ್ಷರ ಏನು ಗೊತ್ತೆ? ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳೇ, ಕೆರೆ ಕೆಳಗೆ ಗದ್ದೆ ಮಾಡಿ ಬದುಕಿದವು.

ಅಲ್ಲಿ ಕೆರೆ ಕಟ್ಟೋದು ನಿನ್ನೆ ಮೊನ್ನೆಯ ಕಸುಬಲ್ಲ. ಮಡಿವಾಳಕ್ಕೆ ಸಮೀಪದ ಅಗರದಲ್ಲಿ ಗಂಗರ ಕಾಲದ, ಒಂಬತ್ತನೆಯ ಶತಮಾನದ ಶಾಸನವಿದೆ. ಎರಡು ಕೆರೆಗೆ ತೂಬು ಇಡಿಸಿ, ಮೂರನೆಯದನ್ನು ಕಟ್ಟಿಸಿದವನಿಗೆ ಬಿತ್ತುವಟ್ಟ ದೊರೆತ ಸಂಗತಿ ಅದರಲ್ಲಿದೆ. ಮಡಿವಾಳದ ಸೋಮೇಶ್ವರ ಗುಡಿಯಲ್ಲಿ 1247ರ ತಮಿಳು ಶಾಸನ; ಅದರಲ್ಲೂ ದೊಡ್ಡ ಕೆರೆಯ ಕೆಳಗಿನ ಭೂಮಿಯದೇ ಮಾತು.

ಹಕ್ಕಿಗೋಸ್ಕರ ಯಾರೂ ಕೆರೆ ಕಟ್ಟಲಿಲ್ಲ. ಭತ್ತಕ್ಕೆಂದು ಕಟ್ಟಿದರು, ಹಕ್ಕಿ ತಾನಾಗಿ ಬಂತು. ಯಾಕೆ ಅಂತೀರಾ? ಹಿರಿಯರ ಕೆರೆ ಬೋಗುಣಿಯಂತಲ್ಲ, ಮೊರದಂತೆ. ಏರಿಯ ಕಡೆ ಆಳ, ನೀರು ಒಳಬರುವ ಕಡೆ ಮೊಣಕಾಲುದ್ದ, ಆಮೇಲೆ ಪಾದ ಮುಳುಗುವಷ್ಟು, ಕೊನೆಗೆ ಬರೀ ಕೆಸರು. ಆಳದಲ್ಲಿ ನೀರುಕಾಗೆ ಮುಳುಗಿ ಮೀನು ಹಿಡಿಯುತ್ತೆ. ಜೊಂಡಿನೊಳಗೆ ಜಂಬುಕೋಳಿ. ತೆಳುನೀರಿನಲ್ಲಿ ಬೆಳ್ಳಕ್ಕಿ. ಕೆಸರಿನಂಚಿನಲ್ಲಿ, ಹಿಮಾಲಯದಾಚೆಯಿಂದ ಚಳಿಗಾಲ ಕಳೆಯಲು ಬರುವ ಉಲ್ಲಂಕಿ, ಕುಂಡೆಕುಸ್ಕ. ಏರಿಯ ಹೊಂಗೆ ಮರದಲ್ಲಿ ಕಾಜಾಣ. ನಮ್ಮ ಹೊಲದ ಹುಳು ತಿನ್ನುವ ಆಳು, ಕೂಲಿ ಕೇಳದು!

1948ರಲ್ಲಿ ಜಯನಗರ ಬಂತು. ಒಂದೊಂದಾಗಿ ಅಚ್ಚುಕಟ್ಟಿನ ಗದ್ದೆಗಳು ನಿವೇಶನಗಳಾದವು. ಗದ್ದೆಯೇ ಇಲ್ಲದ ಮೇಲೆ ನೀರುಗಂಟಿಗೆ ಕೆಲಸವೆಲ್ಲಿ? ತೂಬು ಕೆಟ್ಟರೆ ಕೇಳುವವರಿಲ್ಲ. ಕಾಲುವೆಯಲ್ಲಿ ಚರಂಡಿ ನೀರು ಹರಿಯಿತು. 1985ರಲ್ಲಿ ಸರ್ಕಾರ ಲಕ್ಷ್ಮಣರಾವ್ ಸಮಿತಿ ನೇಮಿಸಿ, ಕೆರೆಗಳನ್ನು ಉಳಿಸುವ ದಾರಿ ಕೇಳಿತು.

ಅಷ್ಟರಲ್ಲಿ ಬೇರೊಂದು ಬಗೆಯ ಕಾವಲುಗಾರರು ಏರಿ ಹತ್ತಿದ್ದರು. 1972ರಲ್ಲಿ ಜೋಸೆಫ್ ಜಾರ್ಜ್ ಎಂಬುವರು ನಗರದಲ್ಲಿ ಪಕ್ಷಿವೀಕ್ಷಕರ ಸಂಘ ಕಟ್ಟಿದರು. 1987ರಿಂದ ಏಷ್ಯಾದ ನಾನಾ ದೇಶಗಳಲ್ಲಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ. ಕರ್ನಾಟಕದಲ್ಲಿ ಅದನ್ನು ಮುನ್ನಡೆಸಿದವರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಎಸ್. ಸುಬ್ರಹ್ಮಣ್ಯ ಅವರೂ ಒಬ್ಬರು. ದುರ್ಬೀನು, ನೋಟುಪುಸ್ತಕ ಹಿಡಿದು ಬೆಳಗಿನ ಚಳಿಯಲ್ಲಿ ಕೆರೆ ಸುತ್ತುವವರನ್ನು ಕಂಡರೆ ನಗು ಬರಬಹುದು. ಆದರೆ ಕೆರೆ ಕೆಡುವುದನ್ನು ವರ್ಷವರ್ಷಕ್ಕೆ ಲೆಕ್ಕವಿಟ್ಟವರು ಅವರೇ. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ 2010ರಲ್ಲಿ ನೆರೆಹೊರೆಯವರೇ ಟ್ರಸ್ಟ್ ಮಾಡಿಕೊಂಡು ಕೆರೆಯ ಆರೈಕೆಗೆ ನಿಂತರು.

ದುರಸ್ತಿಯಲ್ಲೂ ಒಂದು ಅಪಾಯವುಂಟು. ಜೆಸಿಬಿ ಇಳಿಸಿ ಸುತ್ತಲೂ ಒಂದೇ ಸಮನೆ ಆಳಕ್ಕೆ ತೋಡಿದರೆ ಮೊರ ಬೋಗುಣಿಯಾಗುತ್ತೆ. ನೀರು ತುಂಬುತ್ತೆ, ನಿಜ. ಉಲ್ಲಂಕಿಗೆ ಕಾಲೂರಲು ಜಾಗವಿರದು. ನಿಮ್ಮೂರ ಕೆರೆಯ ಹೂಳೆತ್ತುವಾಗ ಏರಿಯ ಕಡೆಯ ಗೋಡು ಹೊಲಕ್ಕೆ ಹೊಡೆಸಿಕೊಳ್ಳಿ. ನೀರು ಬರುವ ಬಾಯಿಯ ತೆಳುದಂಡೆಯನ್ನು ಮಾತ್ರ ಇದ್ದಂತೆ ಬಿಡಲು ಗುತ್ತಿಗೆದಾರನಿಗೆ ಮೊದಲೇ ಹೇಳಿಡಿ.